ಲೆಂಪಿಯ ಹೆಸರಿನಲ್ಲಿ

ಸೌನಾದ, ಅಂದರೆ ನಮ್ಮ ಬಿಸಿಯಾವಿಯ ಸ್ನಾನದ ಮನೆಯ, ಬಾಗಿಲಿಗೆ ಚಿಲಕ ಇರುವುದಿಲ್ಲ. ಅದು ಹೊರಕ್ಕೇ ತೆರೆಯಬೇಕು. ಒಳಗಿರುವವರು ಬಿಸಿಗೆ ತಲೆ ತಿರುಗಿ ಬಿದ್ದರೂ ಅವರ ಮೈಭಾರಕ್ಕೇ ತೆರೆದುಕೊಳ್ಳಬೇಕು. ಇದನ್ನು ನಮಗೆ ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ. ಫಿನ್‌ಲೆಂಡಿನಿಂದ ಬಂದು ಹೌಕಿ ಸರೋವರದ ದಡದ ಕಾಡು ಕಡಿದ ನಮ್ಮ ಅಜ್ಜಂದಿರು ಮನೆಗಿಂತ ಮೊದಲು ಸೌನಾ ಕಟ್ಟಿದವರು. ಅಜ್ಜಿಯರು ಅದರಲ್ಲೇ ಹೆತ್ತರು, ಸತ್ತವರನ್ನು ಅದರಲ್ಲೇ ತೊಳೆದರು. ಆದ್ದರಿಂದ ಫೆಬ್ರವರಿಯ ಆ ಶನಿವಾರ ನನ್ನ ಗೆಳತಿ ಲೆಂಪಿಯ ಸೌನಾದ ಒಳಬಾಗಿಲಿನ ಹೊರಮೈಯ ಮೇಲೆ ಹೊಸ ಕಬ್ಬಿಣದ ಚಿಲಕ ಕಂಡಾಗ ನಾನು ಟವೆಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ಲೆಂಪಿಯ ಗಂಡ ತೌನೊ ಬಟ್ಟೆ ಬದಲಿಸುವ ಹೊರಕೋಣೆಯಲ್ಲಿ ಸೌದೆ ಒಟ್ಟುತ್ತಿದ್ದ. ಒಲೆಗೆ ಸೌದೆ ಹಾಕುವ ಬಾಯಿ ಇರುವುದು ಅಲ್ಲೇ.

"ಇದೇನು ತೌನೊ?" ಅಂದೆ.

"ಬಾಗಿಲು ಸೊಟ್ಟಗಾಗಿದೆ ಹೆಲ್ವಿ. ಕಾಯಿಸೋವಾಗ ಬಿಸಿಯೆಲ್ಲಾ ಸೋರಿ ಹೋಗುತ್ತೆ. ಇದೊಂದು ಹಾಕಿದ್ರೆ ಬಿಗಿಯಾಗಿ ಕೂರುತ್ತೆ. ಸೌದೆ ಏನು ಪುಕ್ಕಟೆ ಬರುತ್ತಾ?"

ಅವನು ನಕ್ಕ, ನಾನೂ ನಕ್ಕೆ. ತೌನೊನ ಜೊತೆ ಊರಿನಲ್ಲಿ ಎಲ್ಲರೂ ನಗುತ್ತಾರೆ. ಕಾಗದದ ಗಿರಣಿಯಲ್ಲಿ ಮೇಲ್ವಿಚಾರಕನಾಗಿ ನಿವೃತ್ತನಾದವನು, ಒಳ್ಳೆಯ ಪಿಂಚಣಿ. ಎಪ್ಪತ್ತಾರು ವರ್ಷವಾದರೂ ಚಳಿಗಾಲ ಪೂರ್ತಿ ತನ್ನ ಟ್ರ್ಯಾಕ್ಟರಿಗೆ ಹಲಗೆ ಕಟ್ಟಿಕೊಂಡು ಕೂಲಿಗೆ ಹಿಮ ತಳ್ಳುತ್ತಾನೆ. ನನ್ನ ಯಜಮಾನರು ಆರ್ವೊ ತೀರಿಕೊಂಡ ವರ್ಷ ನಾನು ಕೇಳದೆಯೇ ಬಂದು ನಮ್ಮ ಮನೆಯ ದಾರಿ ಬಿಡಿಸಿಕೊಟ್ಟ. ದುಡ್ಡು ಕೊಡಹೋದರೆ ಕೈ ಆಡಿಸಿ ಹೊರಟುಹೋದ. ಅದನ್ನು ಹೇಳದೆ ಬಿಟ್ಟರೆ ನನ್ನ ಕಥೆ ಸುಳ್ಳಾಗುತ್ತದೆ.

ಒಳಗೆ ಲೆಂಪಿ ಮೇಲಿನ ಹಲಗೆಯ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಒಂದು ಸೌಟು ನೀರನ್ನು ಕಾದ ಕಲ್ಲುಗಳ ಮೇಲೆ ಎರಚಿದಳು. ಆವಿ ಭುಸ್ಸೆಂದು ಎದ್ದಿತು. ಆ ಸದ್ದಿನ ಮರೆಯಲ್ಲೇ ಅವಳು ಮಾತಾಡಿದಳು.

"ಈ ವರ್ಷಾನೂ ಹಾಕಿದ ಕಣೇ."

"ಏನನ್ನ?"

"ದುಡ್ಡು. ನನ್ನ ಹೆಸರಲ್ಲಿ."

ನನಗೆ ಅದರಲ್ಲಿ ದೂರುವಂಥದ್ದೇನೂ ಕಾಣಲಿಲ್ಲ. ಇಲ್ಲಿ ತುಂಬಾ ಜನ ಹಾಗೆ ಮಾಡುತ್ತಾರೆ. ಹೆಚ್ಚು ಸಂಪಾದಿಸುವವರು ಮುಪ್ಪಿಗಾಗಿ ಕೂಡಿಡುವ ಹಣದಲ್ಲಿ ಒಂದಷ್ಟನ್ನು ಗಂಡನದೋ ಹೆಂಡತಿಯದೋ ಹೆಸರಿನ ಖಾತೆಗೆ ಹಾಕಬಹುದು. ಹಾಕಿದವರಿಗೆ ಆ ವರ್ಷ ತೆರಿಗೆ ಉಳಿಯುತ್ತದೆ. ಮುಂದೆ ಆ ಹಣ ಕಡಿಮೆ ಆದಾಯದವರ ಕೈಗೆ ಬರುವುದರಿಂದ ಆಗಲೂ ತೆರಿಗೆ ಕಡಿಮೆ. ತೌನೊ ಫಿನ್ ಸಂಘದ ಕಾಫಿ ಮೇಜಿನಲ್ಲಿ ಇದನ್ನೇ ಮೀಸೆ ತಿರುವಿ ಹೇಳುತ್ತಿದ್ದ: ಎಲ್ಲಾ ಲೆಂಪಿ ಹೆಸರಲ್ಲೇ ಇಟ್ಟಿದ್ದೀನಿ, ನಾನೇನಿದ್ರೂ ಅವಳ ಆಳು! ಹೆಂಗಸರು ತಮ್ಮ ಗಂಡಂದಿರ ಪಕ್ಕೆ ತಿವಿಯುತ್ತಿದ್ದರು, ನೋಡಿ ಕಲೀರಿ ಅಂತ.

"ಒಳ್ಳೇದೇ ಆಯ್ತಲ್ಲೇ?" ಅಂದೆ.

"ಒಳ್ಳೇದಾ? ಹಾಕಿ ಮೂರು ವರ್ಷದೊಳಗೆ ನಾನು ಮುಟ್ಟಿದ್ರೆ ಅದು ಅವನ ಆದಾಯ ಅಂತಲೇ ಲೆಕ್ಕ. ಅವನಿಗೇ ತಿಳಿಯುತ್ತೆ, ತೆರಿಗೆ ಅವನ ತಲೆ ಮೇಲೇ ಬೀಳುತ್ತೆ. ಅವನಿಗೆ ಗೊತ್ತಾಗದ ಹಾಗೆ ಒಂದು ಡಾಲರ್ ತೆಗೆಯೋಕಾಗಲ್ಲ. ಸರಿ, ಮೂರು ವರ್ಷ ಕಾಯೋಣ ಅಂತ ಕಾದೆ. ತುಂಬೋ ಹೊತ್ತಿಗೆ ಮತ್ತೆ ಒಂದಿಷ್ಟು ಹಾಕಿದ. ಮತ್ತೆ ಮೂರು ವರ್ಷ. ನಾನು ಹತ್ತಿರ ಹೋದ ಹಾಗೆಲ್ಲಾ ಬೇಲಿ ಕಿತ್ತು ಮುಂದೆ ನೆಡ್ತಾನೆ."

"ಅವನಿಗೆ ಪಿಂಚಣಿ ಬಂದ ಮೇಲೆ ಹಾಕೋ ಹಾಗಿಲ್ಲವಲ್ಲ? ದುಡಿದ ದುಡ್ಡು ಇರಬೇಕು."

ಲೆಂಪಿ ನನ್ನ ಮುಖ ನೋಡಿದಳು. "ಮತ್ತೆ ಆ ವಯಸ್ಸಲ್ಲಿ ಹಿಮ ತಳ್ಳೋಕೆ ಯಾಕೆ ಹೊರಟ ಅಂದ್ಕೊಂಡೆ?"

ಊರಿನ ಅರ್ಧ ದಾರಿಗಳನ್ನು ಬಿಡಿಸಿದ ಆ ಟ್ರ್ಯಾಕ್ಟರ್ ಇವಳ ದಾರಿಯನ್ನು ಮುಚ್ಚುತ್ತಾ ಬಂದಿತ್ತು.

"ಹೊಡೀತಾನಾ?"

"ಇಲ್ಲ. ಹೊಡೆಯೋನಾಗಿದ್ರೆ ಯಾರಿಗಾದ್ರೂ ತೋರಿಸಬಹುದಿತ್ತು. ನಿಂತಿರ್ತಾನೆ, ಅಷ್ಟೆ. ನಾನು ಎಲ್ಲಿದ್ರೂ ಆ ಬಾಗಿಲಲ್ಲಿ ನಿಂತಿರ್ತಾನೆ. ಸರ್ಕಾರ ನನಗೆ ಕೊಡೋ ಮುಪ್ಪಿನ ಪಿಂಚಣಿ ಅವನ ಖಾತೆಗೇ ಹೋಗುತ್ತೆ. ಕಾರಿನ ಕೀಲಿ ಅವನ ಜೇಬಲ್ಲಿ." ಅವಳು ದನಿ ಇನ್ನೂ ತಗ್ಗಿಸಿದಳು. "ಸಂಘದ ಪಕ್ಕ ಹಿರಿಯರ ವಸತಿ ಇದೆಯಲ್ಲ, ಅಲ್ಲೊಂದು ಕೋಣೆಗೆ ಹೆಸರು ಬರೆಸಿದ್ದೆ. ಎರಡು ಕಿಟಕಿ ಇದೆ ಕಣೇ. ನನ್ನ ಸರದಿ ಬಂದಿದೆ. ಮಾರ್ಚ್ ಮುಗಿಯೋದರೊಳಗೆ ಹೂಂ ಅಂದು ಮುಂಗಡ ಕಟ್ಟಬೇಕು. ಇಲ್ಲದಿದ್ರೆ ಬೇರೆಯವರಿಗೆ."

"ಅವನಿಗೆ ಗೊತ್ತಾ?"

"ವಸತಿಯವರು ಫೋನ್ ಮಾಡಿದ್ರು. ಅವನೇ ಎತ್ತಿಕೊಂಡ. ನನಗೆ ಒಂದು ಮಾತೂ ಕೇಳಲಿಲ್ಲ." ಅವಳು ಬಾಗಿಲ ಕಡೆ ಗಲ್ಲ ತೋರಿಸಿದಳು. "ಮಾರನೇ ದಿನ ಅದನ್ನ ತಂದು ಹಾಕಿದ."

ಆಗ ಬಾಗಿಲ ಆಚೆಯಿಂದಲೇ, ತೀರಾ ಹತ್ತಿರದಿಂದ, ತೌನೊನ ದನಿ ಕೇಳಿಸಿತು.

"ನೀರು ಸಾಕಾ ಹೆಂಗಸರೇ? ಇನ್ನೊಂದು ಬಕೆಟ್ ತರಲಾ?"

ಸೌದೆ ಒಟ್ಟಿ ಹೋದವನು ಹೊರಕೋಣೆಗೆ ಯಾವಾಗ ವಾಪಸ್ ಬಂದನೋ ನಮಗೆ ತಿಳಿಯಲಿಲ್ಲ. ಹೆಂಗಸರ ಸರದಿಯಲ್ಲಿ ಗಂಡಸರು ಆ ಕೋಣೆಗೆ ಕಾಲಿಡುವ ಪದ್ಧತಿಯೇ ಇಲ್ಲ.

ಮನೆಗೆ ಬಂದವಳು ತೆರಿಗೆಯ ಕಾನೂನು ತೆಗೆದು ಓದಲು ಕೂತೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ನಿವೃತ್ತಿಯಾದ ಮೇಲೆ ಪ್ರತಿ ಮಾರ್ಚಿನಲ್ಲಿ ಸಂಘದ ನೆಲಮಾಳಿಗೆಯಲ್ಲಿ ಮೇಜು ಹಾಕಿಕೊಂಡು ನಮ್ಮವರ ತೆರಿಗೆಯ ಕೆಲಸ ಮಾಡಿಕೊಡುತ್ತೇನೆ. ಬಂದವರು ಡಬ್ಬಿಗೆ ಏನಾದರೂ ಹಾಕುತ್ತಾರೆ, ಸಂಘದ ಚಾವಣಿ ರಿಪೇರಿಗೆ. ಎಷ್ಟೋ ಜೋಡಿಗಳಿಗೆ ಆ ಮೂರು ವರ್ಷದ ನಿಯಮ ವಿವರಿಸಿದ್ದೇನೆ. ಅದರ ಕೆಳಗಿನ ಸಾಲನ್ನು ಯಾರಿಗೂ ಓದಿ ಹೇಳುವ ಪ್ರಸಂಗ ಬಂದಿರಲಿಲ್ಲ: ದಾಂಪತ್ಯ ಮುರಿದು ಇಬ್ಬರೂ ಬೇರೆ ಬೇರೆ ಇದ್ದರೆ ಆ ಮೂರು ವರ್ಷದ ಲೆಕ್ಕವೇ ಇಲ್ಲ. ಹೆಂಡತಿ ತೆಗೆದದ್ದು ಹೆಂಡತಿಯ ಆದಾಯ, ಅವಳ ತೆರಿಗೆ. ಗಂಡನಿಗೆ ಸುದ್ದಿಯೂ ಇಲ್ಲ.

ಅಂದರೆ ಲೆಂಪಿ ಹೊರಡುವುದಕ್ಕಾಗಿ ಹಣ ಬಿಡುಗಡೆಯಾಗಲಿ ಎಂದು ಕಾಯುತ್ತಿದ್ದಳು. ಹಣವೋ, ಅವಳು ಹೊರಡಲಿ ಎಂದು ಕಾಯುತ್ತಿತ್ತು.

ಇದನ್ನು ಅವಳಿಗೆ ಮುಟ್ಟಿಸಬೇಕಿತ್ತು. ಫೋನ್ ಮಾಡಿದೆ. ತೌನೊ ಎತ್ತಿಕೊಂಡ. "ಮಲಗಿದ್ದಾಳೆ ಹೆಲ್ವಿ, ನೆಗಡಿ." ಇನ್ನೊಮ್ಮೆ ಮಾಡಿದೆ. "ಸ್ನಾನಕ್ಕೆ ಹೋಗಿದ್ದಾಳೆ." ಪುಲ್ಲಾ ಎಂಬ ನಮ್ಮ ಸಿಹಿ ರೊಟ್ಟಿ ಸುಟ್ಟುಕೊಂಡು ಅವರ ಮನೆಗೇ ಹೋದೆ. ಬಾಗಿಲಲ್ಲೇ ನಿಂತು ತೆಗೆದುಕೊಂಡ, ಮೂಸಿ ನೋಡಿದ. "ಏಲಕ್ಕಿ ಚೆನ್ನಾಗಿ ಹಾಕಿದ್ದೀಯ. ಅವಳಿಗೆ ಕೊಡ್ತೀನಿ." ಅವನ ಭುಜದ ಹಿಂದೆ ಅಡುಗೆಮನೆಯ ಕುರ್ಚಿಯ ಮೇಲೆ ಲೆಂಪಿಯ ಮೊಣಕೈ ಮಾತ್ರ ಕಾಣುತ್ತಿತ್ತು. ಅದು ಅಲುಗಲಿಲ್ಲ. ಹಿಂದಿನ ಶನಿವಾರ ಸೌನಾ ಕಾಯಿಸಿರಲಿಲ್ಲ, ಅವಳಿಗೆ ನೆಗಡಿಯೆಂದೇ.

ಆದರೆ ತೆರಿಗೆಯ ದಿನ ಅವನು ಅವಳನ್ನು ಕರೆತರಲೇಬೇಕಿತ್ತು. ಅವನ ಪಿಂಚಣಿಯ ಅರ್ಧವನ್ನು ಲೆಕ್ಕದಲ್ಲಿ ಅವಳ ಆದಾಯವೆಂದು ತೋರಿಸಿದರೆ ಇಬ್ಬರ ತೆರಿಗೆ ಸೇರಿ ಎಷ್ಟೋ ಇಳಿಯುತ್ತದೆ. ಹಣವೇನೂ ಕೈ ಬದಲಾಗುವುದಿಲ್ಲ. ಅವಳ ಒಪ್ಪಿಗೆಯ ಸಹಿ ಮಾತ್ರ ಬೇಕು, ಮತ್ತು ನನ್ನ ಮೇಜಿನಲ್ಲಿ ಸಹಿ ಹಾಕುವವರು ಎದುರಿಗೇ ಕೂತು ಹಾಕಬೇಕು.

ಅವರು ಬಂದದ್ದು ಗುರುವಾರ ಮಧ್ಯಾಹ್ನ. ಲೆಂಪಿ ತೆಳ್ಳಗಾಗಿದ್ದಳು. ತೌನೊ ಅವಳ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ, ಮಫ್ಲರನ್ನು ಮಡಿಸಿ ಅವಳ ತೊಡೆಯ ಮೇಲಿಟ್ಟ. ನೆಗಡಿಯಲ್ಲವಾ, ಅಂದ.

ಕಾಫಿಯ ಜವಾಬ್ದಾರಿ ಸಿಲ್ವಿಯದು. ಎಂಬತ್ತು ದಾಟಿದ ವಿಧವೆ, ದಪ್ಪ ಕನ್ನಡಕ. ನಾನು ಅವಳಿಗೆ ಏನೂ ಹೇಳಿರಲಿಲ್ಲ. ಲೆಂಪಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕೆಟಲ್ ಕೆಳಗಿಟ್ಟಳು.

"ಏ ತೌನೊ! ಬಾ ಇಲ್ಲಿ. ಕಾಫಿ ಕುಡೀದೆ ತೆರಿಗೆ ಕಟ್ಟಿದ್ರೆ ಪಾಪ ಬರುತ್ತೆ."

"ಆಮೇಲೆ ಸಿಲ್ವಿ."

"ಆಮೇಲೆ ಅಂದ್ರೆ ನಾನಿರ್ತೀನೋ ಇಲ್ವೋ! ನನ್ನ ದಾರಿ ಹಿಮ ತಳ್ಳೋವಾಗ ಅಂಚೆಪೆಟ್ಟಿಗೆ ಬೀಳಿಸಿ ಹೋಗಿದ್ದೀಯಲ್ಲ ಮಹಾರಾಯ, ಅದರ ಪಂಚಾಯಿತಿ ಮುಗಿಸೋಣ ಬಾ. ಇಲ್ಲಿರೋರೆಲ್ಲಾ ಸಾಕ್ಷಿ."

ಸಾಲಿನಲ್ಲಿದ್ದವರು ನಕ್ಕರು. ನಾಲ್ಕು ಜನರ ಮುಂದೆ ಕಾಫಿ ಬೇಡವೆನ್ನುವುದು ನಮ್ಮಲ್ಲಿ ಜಗಳಕ್ಕೆ ಕರೆದ ಹಾಗೆ. ಒಳ್ಳೆಯವನೆಂದು ಹೆಸರು ಪಡೆದವನಿಗಂತೂ ಅದು ಸಾಧ್ಯವೇ ಇಲ್ಲ. ತೌನೊ ಎದ್ದ. ಹಿಂದೆ ಹಿಂದೆ ನೋಡುತ್ತಾ ಹೋದ.

ಸಿಲ್ವಿ ಕಾಫಿಯನ್ನು ಹನಿ ಹನಿಯಾಗಿ ಬಗ್ಗಿಸತೊಡಗಿದಳು. ನಾನು ತಲೆ ತಗ್ಗಿಸಿ, ಲೆಕ್ಕ ತೋರಿಸುವವಳ ಹಾಗೆ ಪೆನ್ಸಿಲು ಆಡಿಸುತ್ತಾ ಹೇಳಿದೆ.

"ನಗಬೇಡ, ಅಳಬೇಡ, ಸುಮ್ನೆ ಕೇಳು. ಮೂರು ವರ್ಷ ಕಾಯಬೇಕಾಗಿಲ್ಲ. ನೀನು ಅವನನ್ನ ಬಿಟ್ಟು ಬೇರೆ ಇದ್ದ ದಿನದಿಂದ ಆ ನಿಯಮ ನಿನಗಿಲ್ಲ. ಹಾಕಿದ್ದೆಲ್ಲಾ ನಿಂದು."

"ಅವನು ಹಾಕಿದ್ದಲ್ವೇನೇ?"

"ಹಾಕಿದ್ದು ಅವನು, ದುಡ್ಡು ನಿಂದು. ಅವನು ತೆರಿಗೆ ಉಳಿಸಿಕೊಂಡ, ಅಲ್ಲಿಗೆ ಅವನ ಪಾಲು ತೀರಿತು. ಬ್ಯಾಂಕಿನಲ್ಲಿ ನಿನ್ನ ಗುರುತು, ನಿನ್ನ ಸಹಿ ಸಾಕು."

ಲೆಂಪಿ ಮಫ್ಲರಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಎಲ್ಲರೂ ಅದು ತೆರಿಗೆಗೋಸ್ಕರ ನನ್ನ ಹೆಸರಲ್ಲಿರೋದು, ಅಷ್ಟೆ ಅಂತಾರೆ."

"ಎಲ್ಲರೂ ತಪ್ಪು ಹೇಳ್ತಾರೆ. ಇವತ್ತೇ ಬಾ ನನ್ನ ಜೊತೆ."

"ಬೇಡ. ಇಲ್ಲಿ ಇಷ್ಟು ಜನರ ಮುಂದೆ ಬೇಡ. ಸೋಮವಾರ ಅವನು ಟ್ರ್ಯಾಕ್ಟರ್ ರಿಪೇರಿಗೆ ಥಂಡರ್ ಬೇ ಪೇಟೆಗೆ ಹೋಗ್ತಾನೆ. ಆಗ ಬಂದು ಕರ್ಕೊಂಡು ಹೋಗು."

"ಸೋಮವಾರದವರೆಗೆ..."

"ಇಷ್ಟು ವರ್ಷ ಇದ್ದೆ. ಸೋಮವಾರ ಏನು ದೊಡ್ಡದು."

ತೌನೊ ಕಪ್ಪು ಹಿಡಿದುಕೊಂಡೇ ಬಂದ. ಕಾಫಿ ತಟ್ಟೆಗೆ ಚೆಲ್ಲಿತ್ತು. "ಏನು ಗುಟ್ಟು ನಿಮ್ಮಿಬ್ಬರದು?"

"ನಿನ್ನ ಪಿಂಚಣಿ ಜಾಸ್ತಿಯಾಯ್ತು ಅಂತ ಹೊಟ್ಟೆ ಉರಿ," ಅಂದೆ. "ಸಹಿ ಹಾಕು."

ಅವನು ಹಾಕಿದ. ಲೆಂಪಿಯೂ ಹಾಕಿದಳು. ಅವಳ ಕೈ ಚೂರೂ ನಡುಗಲಿಲ್ಲ. ಪ್ರತಿ ವರ್ಷ ನಡುಗುತ್ತಿತ್ತು. ಅದನ್ನು ನಾನು ಕಂಡೆ. ತೌನೊ ಕೂಡ ಕಂಡ.

ಹೊರಡುವಾಗ ಅವಳ ಕೋಟಿನ ಗುಂಡಿಗಳನ್ನು ತಾನೇ ಹಾಕಿ, ನನ್ನ ಕಡೆ ತಿರುಗಿದ. "ಈ ಶನಿವಾರ ಸೌನಾ ಕಾಯಿಸ್ತಿದ್ದೀನಿ. ನೀನು ಬರೋದು ಬೇಡ ಹೆಲ್ವಿ. ದಾರಿ ಜಾರುತ್ತೆ. ಈ ಸಲ ನಮ್ಮಿಬ್ಬರಿಗೇ."

ಶನಿವಾರ ಮಧ್ಯಾಹ್ನ ಆಕಾಶ ತಿಳಿಯಾಗಿತ್ತು. ನನ್ನ ಅಡುಗೆಮನೆಯ ಕಿಟಕಿಯಿಂದ ಸರೋವರದ ತಿರುವಿನಾಚೆ ಅವರ ಸೌನಾದ ಹೊಗೆ ಕಾಣುತ್ತದೆ. ಊಟ ಮುಗಿಸುವಷ್ಟರಲ್ಲೇ ಹೊಗೆ ಎದ್ದಿತ್ತು. ಸಾಮಾನ್ಯವಾಗಿ ಸೌನಾ ಕಾದ ಮೇಲೆ ಸೌದೆ ಹಾಕುವುದನ್ನು ನಿಲ್ಲಿಸುತ್ತೇವೆ, ಹೊಗೆ ತೆಳುವಾಗಿ ಬಿಳಿ ಎಳೆಯಾಗುತ್ತದೆ. ಅಂದು ಹೊಗೆ ತೆಳುವಾಗಲಿಲ್ಲ. ಹೊತ್ತು ಹೋದಂತೆ ದಪ್ಪಗಾಗುತ್ತಲೇ ಹೋಯಿತು.

ನಾನು ಕರೆಯದ ಮನೆಗೆ ಹೋದವಳಲ್ಲ. ಬೂಟು ಹಾಕಿಕೊಂಡೆ, ಬಿಚ್ಚಿದೆ, ಮತ್ತೆ ಹಾಕಿಕೊಂಡೆ. ಆರ್ವೊನ ಹಳೆಯ ಉಣ್ಣೆಯ ಕಂಬಳಿ ಕಾರಿನಲ್ಲಿ ಹಾಕಿಕೊಂಡು ಹೊರಟೆ. ಅವರ ದಾರಿಯನ್ನು ನೆಲ ಕಾಣುವಷ್ಟು ಚೊಕ್ಕಟವಾಗಿ ಬಿಡಿಸಿದ್ದ. ಜಾರುವಂಥದ್ದು ಏನೂ ಇರಲಿಲ್ಲ.

ಹೊರಕೋಣೆಯಲ್ಲಿ ತೌನೊ ಬೆಂಚಿನ ಮೇಲೆ ಕೂತಿದ್ದ. ಪೂರ್ತಿ ಬಟ್ಟೆ ತೊಟ್ಟಿದ್ದ. ಪಕ್ಕದಲ್ಲಿ ಕಾಫಿಯ ಫ್ಲಾಸ್ಕು, ಎರಡು ಕಪ್ಪು. ಕಾಲ ಬಳಿ ನೀರಿನ ಬಕೆಟ್, ಅದರ ಮೇಲೆ ಅಡ್ಡಲಾಗಿ ಸೌಟು. ಸೌನಾದ ಒಳಗಿರಬೇಕಾದ ಬಕೆಟ್.

ಚಿಲಕ ಬಿದ್ದಿತ್ತು.

"ಬರಬೇಡ ಅಂದಿದ್ನಲ್ಲ," ಅಂದ. ಬೇಸರವೇನೂ ಇರಲಿಲ್ಲ ಆ ದನಿಯಲ್ಲಿ.

"ಲೆಂಪಿ ಎಲ್ಲಿ?"

"ಒಳಗಿದ್ದಾಳೆ. ಇನ್ನೂ ಆಗಿಲ್ಲ ಅವಳಿಗೆ. ಕೂತ್ಕೋ, ಕಾಫಿ ಕೊಡ್ತೀನಿ."

"ಚಿಲಕ ತೆಗಿ ತೌನೊ."

ಅವನು ತಲೆಯೆತ್ತಿ ಚಿಲಕವನ್ನು ಆಗ ತಾನೇ ಮೊದಲ ಸಲ ಕಂಡವನ ಹಾಗೆ ನೋಡಿದ. "ತಾನಾಗೇ ಬಿದ್ದಿರಬೇಕು," ಅಂದ. ಏಳಲಿಲ್ಲ. ಅವನ ಕಾಲು ದಾಟಿಕೊಂಡೇ ನಾನು ಬಾಗಿಲಿಗೆ ಹೋಗಬೇಕಿತ್ತು. ಕಾಲು ಹಿಂದಕ್ಕೆಳೆದುಕೊಳ್ಳುತ್ತಾನೋ ಇಲ್ಲವೋ ಎಂದು ಒಂದು ಗಳಿಗೆ ನಿಂತೆ. ಕೊನೆಗೆ ಅಭ್ಯಾಸಬಲದಿಂದಲೋ ಏನೋ, ಹೆಂಗಸಿಗೆ ದಾರಿ ಬಿಡುವ ಮರ್ಯಾದಸ್ಥನ ಹಾಗೆ ಕಾಲು ಸರಿಸಿದ. ಕಬ್ಬಿಣ ಸುಡುತ್ತಿತ್ತು. ಕೈಗವಸು ತೊಟ್ಟ ಕೈಯಿಂದಲೇ ಎತ್ತಿದೆ.

ಬಾಗಿಲು ತಾನಾಗಿ ತೆರೆದುಕೊಂಡಿತು. ಲೆಂಪಿ ನೆಲದ ಮೇಲೆ ಮಲಗಿದ್ದಳು, ಬಾಗಿಲಡಿಯ ಸಂದಿಗೆ ಬಾಯಿ ಹಚ್ಚಿಕೊಂಡು. ತಣ್ಣನೆಯ ಗಾಳಿ ಕೆಳಗಿರುತ್ತದೆ ಅನ್ನುವುದು ನಮ್ಮ ಹೆಂಗಸರಿಗೆ ಎದೆಹಾಲಿನ ಜೊತೆಗೇ ಬಂದ ತಿಳಿವಳಿಕೆ. ಅವಳ ಮೈ ಕೆಂಪಗೆ ಕಾದಿತ್ತು, ತುಟಿ ಬಿರಿದಿತ್ತು. ಕಣ್ಣು ತೆರೆದೇ ಇತ್ತು.

"ಇವತ್ತು ಸೋಮವಾರಾನಾ?" ಅಂದಳು.

"ಹೌದು," ಅಂದೆ.

ಬಕೆಟ್ಟಿನ ನೀರನ್ನು ಸೌಟಿನಿಂದ ಅವಳ ತಲೆಗೆ, ಕತ್ತಿಗೆ ಹಾಕಿದೆ, ಸ್ವಲ್ಪ ಕುಡಿಸಿದೆ. ಕಂಬಳಿ ಸುತ್ತಿದೆ. ಬೂಟಿನೊಳಗೆ ಬರಿಗಾಲು ತೂರಿಸಿದೆ. ತೌನೊ ಬೆಂಚಿನ ಮೇಲೆ ಹಾಗೇ ಕೂತಿದ್ದ. ನಾವು ಹೊಸ್ತಿಲು ದಾಟುವಾಗ ಒಂದೇ ಮಾತು ಆಡಿದ.

"ಮುಂದಿನ ವರ್ಷ ಸಹಿಗೆ ಬರ್ತಾಳಲ್ಲ?"

ದವಾಖಾನೆಯಲ್ಲಿ ಅವಳನ್ನು ಎರಡು ರಾತ್ರಿ ಇಟ್ಟುಕೊಂಡರು. ಪೊಲೀಸರಿಗೂ ಹೇಳಿದೆವು. ಒಬ್ಬ ಅಧಿಕಾರಿ ಸೌನಾ ನೋಡಿ, ಲೆಂಪಿಯ ಬಟ್ಟೆ, ಕೈಚೀಲ ತೆಗೆದುಕೊಂಡು ಬಂದ. ಚಿಲಕ ಇರಲಿಲ್ಲವಂತೆ. ಸ್ಕ್ರೂ ಇದ್ದ ತೂತುಗಳಿಗೆ ಮರದ ಮೇಣ ಮೆತ್ತಿ, ಉಜ್ಜಿ, ನುಣುಪಾಗಿ ಬಣ್ಣ ಹಚ್ಚಿತ್ತಂತೆ. ಪುರಾವೆ ಸಾಲದೆಂದು ದೂರು ಅಲ್ಲಿಗೇ ನಿಂತಿತು. ತೌನೊ ಆ ಅಧಿಕಾರಿಗೆ ಕಾಫಿ ಕೊಟ್ಟ.

ದವಾಖಾನೆಯಿಂದ ನೇರವಾಗಿ ಬ್ಯಾಂಕಿಗೆ ಹೋದೆವು. ಕೌಂಟರಿನ ಹುಡುಗಿ ಲೆಂಪಿಯ ಗುರುತುಚೀಟಿ ನೋಡಿ, ಅವಳ ತೋಳಿನ ದವಾಖಾನೆಯ ಪಟ್ಟಿ ನೋಡಿ, ಏನೂ ಕೇಳದೆ ತನ್ನ ಕುರ್ಚಿಯನ್ನೇ ಈಚೆ ತಂದು ಹಾಕಿದಳು. ಕೋಣೆಗೆ ಮುಂಗಡ ಕಟ್ಟಿದೆವು. ಎರಡು ಕಿಟಕಿಗಳೂ ಇದ್ದವು, ಒಂದರಿಂದ ಸಂಘದ ಮೆಟ್ಟಿಲು ಕಾಣುತ್ತದೆ.

ಊರು ಎರಡು ಪಾಲಾಯಿತು, ಸಮಪಾಲಲ್ಲ. "ಎಲ್ಲಾ ಅವಳ ಹೆಸರಲ್ಲಿಟ್ಟ, ಪಾಪ. ಅವಳು ಬಾಚಿಕೊಂಡು ಹೋದಳು," ಎನ್ನುವವರೇ ಜಾಸ್ತಿ. ತೌನೊ ಯಾರ ಮುಂದೆಯೂ ಅವಳನ್ನು ಬೈಯಲಿಲ್ಲ. ಇನ್ನು ಮೇಲೆ ಪಿಂಚಣಿ ಹಂಚೋಕಾಗಲ್ಲ, ತೆರಿಗೆ ಜಾಸ್ತಿಯಾಗುತ್ತೆ ಅಂತ ಮಾತ್ರ ಕಾಫಿ ಮೇಜಿನಲ್ಲಿ ಹೇಳುತ್ತಾನಂತೆ. ಸಿಲ್ವಿ ಅವನಿಗೆ ಕಾಫಿ ಬಗ್ಗಿಸುವುದನ್ನು ನಿಲ್ಲಿಸಿದ್ದಾಳೆ. ಕೆಟಲ್ ಅವನ ಮುಂದಿಟ್ಟು ಹೋಗುತ್ತಾಳೆ.

ಬೇಸಿಗೆ, ಶರತ್ಕಾಲ ಕಳೆದವು. ಲೆಂಪಿಗೆ ಸೌನಾ ಅಂದರೆ ಉಸಿರು ಕಟ್ಟುತ್ತಿತ್ತು. ಡಿಸೆಂಬರಿನಲ್ಲಿ ಒಂದು ದಿನ ಅವಳೇ ಕೇಳಿದಳು, "ನಿನ್ನ ಸೌನಾ ಕಾಯಿಸ್ತೀಯಾ? ಮೈಯಲ್ಲಿ ಎಲುಬೆಲ್ಲಾ ಮಂಜಾಗಿದೆ ಕಣೇ." ಶನಿವಾರ ಅವಳನ್ನು ಕರೆತಂದೆ. ಹಿಂದಿನ ದಿನವೆಲ್ಲಾ ಹಿಮ ಸುರಿದಿತ್ತು. ಹೇಗಪ್ಪಾ ನಡೆಸಿಕೊಂಡು ಹೋಗುವುದು ಎಂದು ಯೋಚಿಸುತ್ತಾ ನಮ್ಮ ಗೇಟಿನಲ್ಲಿ ಕಾರು ತಿರುಗಿಸಿದೆ.

ದಾರಿ ಬಿಡಿಸಿತ್ತು.

ಮನೆಯ ಬಾಗಿಲವರೆಗಲ್ಲ. ಮನೆಯನ್ನು ಬಳಸಿ, ಹಿತ್ತಲು ದಾಟಿ, ಸೌನಾದ ಬಾಗಿಲವರೆಗೆ. ಎರಡೂ ಬದಿ ಗೋಡೆ ಕಟ್ಟಿದ ಹಾಗೆ ಹಿಮ, ನಡುವೆ ಟ್ರ್ಯಾಕ್ಟರಿನ ಗುರುತು. ನಾವು ಹೆಂಗಸರು ಜಾರಬಾರದೆಂದು ಅದರ ಮೇಲೆ ಮರಳೂ ಉದುರಿಸಿತ್ತು.

ಜೀವನವಿಡೀ ಯಾರು ಯಾರಿಗೆ ಏನು ಸಣ್ಣ ಉಪಕಾರ ಮಾಡಿದರೆಂದು ನೆನಪಿಟ್ಟುಕೊಂಡು ಬಂದವಳು ನಾನು. ಇದನ್ನು ಯಾವ ಪಟ್ಟಿಗೆ ಸೇರಿಸಲಿ ಎಂದು ತಿಳಿಯದೆ ಸ್ಟಿಯರಿಂಗ್ ಹಿಡಿದು ಕೂತೆ.

"ವಾಪಸ್ ಹೋಗೋಣವೇನೇ?" ಅಂದೆ.

ಲೆಂಪಿ ಕಾರಿನಿಂದ ಇಳಿದು ಆ ಮರಳನ್ನು ಬೂಟಿನಿಂದ ಕೆದಕಿದಳು.

"ನಿನ್ನ ಹತ್ರ ಸ್ಕ್ರೂಡ್ರೈವರ್ ಇದೆಯಾ?"

ಆರ್ವೊನ ಪೆಟ್ಟಿಗೆಯಿಂದ ತಂದುಕೊಟ್ಟೆ. ಅವಳು ಚಳಿಯಲ್ಲಿ ಮಂಡಿಯೂರಿ ಕೂತು ಸೌನಾದ ಒಳಬಾಗಿಲಿನ ಕೀಲುಗಳನ್ನು ಒಂದೊಂದಾಗಿ ಬಿಚ್ಚಿದಳು. ನಾನು ಹಿಡಿದುಕೊಂಡೆ. ಇಬ್ಬರೂ ಬಾಗಿಲನ್ನು ಎಳೆದುಕೊಂಡು ಹೋಗಿ ಹಿಮದ ಗೋಡೆಗೆ ಒರಗಿಸಿದೆವು. ಆ ಜಾಗದಲ್ಲಿ ಅದೇ ಹಳೆಯ ಕಂಬಳಿಯನ್ನು ಮೊಳೆ ಹೊಡೆದು ಇಳಿಬಿಟ್ಟೆವು.

ಕಂಬಳಿಯ ಸುತ್ತಲಿಂದ ಬಿಸಿಯೆಲ್ಲಾ ಸೋರಿ ಹೋಗುತ್ತಿತ್ತು. ಸೌದೆ ಎಷ್ಟು ಹಾಕಿದರೂ ಸಾಲಲಿಲ್ಲ. ನಾವು ಮೇಲಿನ ಹಲಗೆಯ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತೆವು, ಮುಖ ಕಂಬಳಿಯ ಕಡೆಗೆ. ದೂರದಲ್ಲಿ ರಸ್ತೆಯ ಮೇಲೆ ಟ್ರ್ಯಾಕ್ಟರಿನ ಸದ್ದು ಬಂತು, ನಮ್ಮ ಗೇಟಿನ ಹತ್ತಿರ ಸ್ವಲ್ಪ ನಿಧಾನವಾಯಿತು.

ಲೆಂಪಿ ಸೌಟು ಎತ್ತಿಕೊಂಡು ಕಲ್ಲಿನ ಮೇಲೆ ನೀರು ಹಾಕಿದಳು.